ಬಿಡದೆ ಉಳಿದ ನೀಲಿ ಬಾನಿ

ಸಕ್ರಪ್ಪ ತೀರಿಕೊಂಡ ಸುದ್ದಿ ತಿಳಿದು ಅನ್ನಪೂರ್ಣ ಧಾರವಾಡದಿಂದ ಬೆಟಗೇರಿಗೆ ಬರುವಷ್ಟರಲ್ಲಿ ಅವನನ್ನು ಪಡಸಾಲೆಯಲ್ಲಿ ಕೂರಿಸಿ, ಹಣೆಗೆ ವಿಭೂತಿ ಹಚ್ಚಿದ್ದರು. ಹೆಂಡತಿ ಅಮೃತವ್ವ ನೀಲಿ ಬಾನಿಯಿಂದ ಒಂದು ತಂಬಿಗೆ ನೀರು ತಂದು ಗಂಡನ ಬಲಗೈ ತೊಳೆದಳು. ತೊಳೆದ ನೀರನ್ನು ತಿರುಗಿ ಬಾನಿಗೇ ಸುರಿದಳು. ನೂಲಿಗೆ ಬಣ್ಣ ಹಾಕುವ ಆ ಮನೆತನದ ರೂಢಿ ಅದು. ಯಜಮಾನನ ಕೈ ಕಡೆಯ ಸಲ ನೀಲಿ ಮುಟ್ಟಬೇಕು. ಮಣ್ಣು ಮಾಡಿದ ಮರುದಿನ ಬಾನಿಯನ್ನು ಹಿತ್ತಿಲಲ್ಲಿ ಚೆಲ್ಲಬೇಕು. ಅದಕ್ಕೆ ಬಾನಿ ಬಿಡುವುದು ಎನ್ನುತ್ತಾರೆ.

ಮರುದಿನ ಬಾನಿ ಬಿಡಲಿಲ್ಲ. ಬಿಡಬೇಡಿ ಎಂದು ಬೇಡಿಕೊಂಡವಳು ಅನ್ನಪೂರ್ಣ.

ಅವಳು ಶಿಗ್ಲಿಯ ರೈತರ ಮಗಳು. ಪಿಎಚ್‌ಡಿಗೆ ಹಿಡಿದಿದ್ದ ವಿಷಯ ಕಿಣ್ವಗಳು. ಔಷಧದ ಕಾರ್ಖಾನೆಗಳಲ್ಲಿ ಲೋಹದ ಪುಡಿ, ವಿಪರೀತ ಒತ್ತಡ, ವಿಷದ ಕಸ ಇಲ್ಲದೆ ಆಗದ ಕೆಲವು ರಾಸಾಯನಿಕ ಬದಲಾವಣೆಗಳನ್ನು ಸೂಕ್ಷ್ಮಜೀವಿಗಳ ಕಿಣ್ವ ಉಗುರುಬೆಚ್ಚನೆಯ ನೀರಿನಲ್ಲಿ ಸದ್ದಿಲ್ಲದೆ ಮಾಡಿ ಮುಗಿಸುತ್ತದೆ. ಬೆಲ್ಲ, ಸುಣ್ಣ ಉಣಿಸಿ ಹುಳಿಬರಿಸುವ ಹಳೆಯ ನೀಲಿ ಬಾನಿಯಲ್ಲಿ ಅಂಥ ಕಿಣ್ವವೊಂದು ಅವಳಿಗೆ ಸಿಕ್ಕಿತ್ತು. ಅದರಿಂದ ಹಿಂದೆ ಯಾರೂ ಮಾಡಿರದ ಒಂದು ಪದಾರ್ಥವನ್ನು ಅವಳು ಒಮ್ಮೆ ತಯಾರಿಸಿಯೂ ಇದ್ದಳು. ಆದರೆ ಪ್ರಯೋಗಾಲಯದಲ್ಲಿ ಬೆಳೆಸಹೋದರೆ ಆ ಕಿಣ್ವದ ಸೂಕ್ಷ್ಮಜೀವಿ ಸಾಯುತ್ತಿತ್ತು. ಪ್ರತಿ ಸಲವೂ ಸಕ್ರಪ್ಪನ ಬಾನಿಯಿಂದಲೇ ನೀರು ಒಯ್ಯಬೇಕಿತ್ತು. ಇನ್ನೆರಡು ಸಲ ಅದೇ ಫಲ ತೋರಿಸದೆ ಪ್ರಬಂಧ ಮುಗಿಯುವುದಿಲ್ಲ ಎಂದು ಮಾರ್ಗದರ್ಶಕರು ಹೇಳಿದ್ದರು.

"ಏನವಾ, ಡಾಕ್ಟರ್ ಆಕ್ಕೀನಿ ಅಂತಿ, ನನ್ನ ಮಣಕಾಲಿಗೆ ಒಂದ್ ಗುಳಗಿ ಕೊಡಾಕ ಬರಂಗಿಲ್ಲ ನಿನಗ," ಎಂದು ಸಕ್ರಪ್ಪ ಬದುಕಿದ್ದಾಗ ಕಾಡಿಸುತ್ತಿದ್ದ. ಮಾತಾಡುತ್ತಲೇ ಬಲಗೈಯನ್ನು ಮುಂಗೈಯವರೆಗೆ ಬಾನಿಗೆ ಇಳಿಬಿಟ್ಟು ಹದ ನೋಡುತ್ತಿದ್ದ. ಹರೆಯದಲ್ಲಿ ಅರಳೆ ಮಿಲ್ಲಿನ ಯಂತ್ರಕ್ಕೆ ಸಿಕ್ಕು ಆ ಕೈಯ ಕಿರುಬೆರಳು ಅರ್ಧಕ್ಕೇ ಹೋಗಿತ್ತು.

ಅವನು ತೀರಿಕೊಂಡ ಮೇಲೆ, ಎರಡನೇ ಸಲದ ಪ್ರಯೋಗಕ್ಕೆ ನೀರು ಒಯ್ಯಲು ಅನ್ನಪೂರ್ಣ ಬಂದಾಗ, ಕೋಣೆಯಲ್ಲಿದ್ದ ಬಾನಿಯ ಮೇಲೆ ತಾಮ್ರದ ಬಣ್ಣದ ನೊರೆ ಹೂವಿನಂತೆ ಎದ್ದಿತ್ತು.

"ಚಲೋ ನೋಡ್ಕೊಂಡೀರಿ ಆಯಿ. ಬೆಲ್ಲ ಎಷ್ಟು ಹಾಕೀರಿ?"

"ನಾ ಆ ಖೋಲಿಗೆ ಕಾಲ ಇಟ್ಟಿಲ್ಲವಾ," ಎಂದಳು ಅಮೃತವ್ವ.

ಬೆಲ್ಲದ ಗಡಿಗೆ ಅರ್ಧ ಖಾಲಿಯಾಗಿತ್ತು. ಅಂಚಿನಲ್ಲಿ ನೀಲಿ ಬೆರಳ ಗುರುತು. ಅನ್ನಪೂರ್ಣ ಅದನ್ನು ಒರೆಸಿದಳು, ಖೋಲಿಗೆ ತನ್ನದೇ ಕೀಲಿ ಹಾಕಿದಳು, ಆ ರಾತ್ರಿ ಅಲ್ಲೇ ಉಳಿದಳು. ಬೆಳಗ್ಗೆ ಕೀಲಿ ತೆಗೆದಾಗ ಬೆಲ್ಲ ಇನ್ನಷ್ಟು ಇಳಿದಿತ್ತು. ಗಡಿಗೆಯ ಮೇಲೆ ಮೂರು ಉದ್ದ ಬೆರಳು, ಪಕ್ಕದಲ್ಲೊಂದು ಮೋಟು. ಅವಳು ಅಮೃತವ್ವನ ಕೈ ಹಿಡಿದು ತಿರುಗಿಸಿ ನೋಡಿದಳು. ಐದೂ ಬೆರಳು ನೆಟ್ಟಗಿದ್ದವು; ರೊಟ್ಟಿಯ ಹಿಟ್ಟು ಬಿಟ್ಟರೆ ಏನೂ ಅಂಟಿರಲಿಲ್ಲ.

"ಇರಿವಿ ತಿಂದಿರ್ತಾವ ಬಿಡವಾ," ಎಂದ ನೆರೆಮನೆಯ ಫಕೀರಸಾಬ, ನಗುತ್ತ ಒಳಗೆ ಬಂದು. "ಓದಿದಾಕಿ ನೀ. ದೆವ್ವ ಗಿವ್ವ ಅಂದ್ರ ಪದವಿ ಕಸಗೊಂತಾರ ನೋಡ." ಗಡಿಗೆ ನೋಡಿದವನೇ ಬಂದ ದಾರಿಯಲ್ಲೇ ಹೊರಟ. ಆಮೇಲೆ ಆ ಮನೆಯ ಹೊಸ್ತಿಲು ತುಳಿಯಲಿಲ್ಲ.

ಒಯ್ದ ನೀರು ಮೊದಲಿಗಿಂತ ಚೆನ್ನಾಗಿ ಕೆಲಸ ಮಾಡಿತು. ಅಷ್ಟು ಶುದ್ಧ ಪದಾರ್ಥ ಹಿಂದೆ ಬಂದಿರಲಿಲ್ಲ. ಅನ್ನಪೂರ್ಣಳಿಗೆ ಖುಷಿಯಾಗಬೇಕಿತ್ತು. ಸೀಸೆಯನ್ನು ಕೈಯಲ್ಲಿ ಹಿಡಿದುಕೊಳ್ಳುವುದೇ ಅವಳಿಗೆ ಬೇಡವಾಯಿತು.

ಮೂರನೇ ಸಲ ಬಂದಾಗ ಅಮೃತವ್ವ ಗೋಡೆಗೆ ಒರಗಿ ಕುಳಿತಿದ್ದಳು. ಊಟ ಬಿಟ್ಟಿದ್ದಳು. ಮೈ ಅರ್ಧಕ್ಕೆ ಇಳಿದಿತ್ತು.

"ಹಗಲೊತ್ತಿನ್ಯಾಗೂ ಕೇಳತೈತಿ, ಕೈಯಾಡಿಸೋ ಸಪ್ಪಳ," ಎಂದಳು. "ಸಣ್ಣಾಂವ ಇದ್ದಾಗಿಂದ ಆ ಕೈಗೆ ಒಂದ ದಿನ ಸೂಟಿ ಇಲ್ಲ. ಮಣ್ಣಾಗ ಇಟ್ಟ ಮ್ಯಾಲೂ ದುಡಸಾಕತ್ತೇವಲ್ಲವಾ, ನಾವಿಬ್ರೂ."

"ಇದೊಂದ ಸಲ ಆಯಿ. ಇದಾತಂದ್ರ ನಂದು ಮುಗೀತೈತಿ."

"ನಾ ಒಲ್ಲೆ ಅನ್ನಂಗಿಲ್ಲ. ಅವ್ರನ್ನ ಕೇಳಿ ಒಯ್ಯಿ."

ನಡುಹಗಲು. ಬೀದಿಯಲ್ಲಿ ಮಗ್ಗಗಳ ಸದ್ದು. ಅನ್ನಪೂರ್ಣ ಖೋಲಿಗೆ ಹೋಗಿ ಬಾನಿಯ ಮುಚ್ಚಳ ತೆಗೆದಳು, ಸೀಸೆಯ ಬಿರಡೆ ಬಿಚ್ಚಿದಳು. ಕೇಳದೆ ಅದ್ದಲು ಮನಸ್ಸಾಗಲಿಲ್ಲ, ಕೇಳಲು ನಾಚಿಕೆ. ಕಡೆಗೆ ದನಿ ತಗ್ಗಿಸಿ, "ಮುತ್ಯಾ, ಒಯ್ಯಲೇನು?" ಎಂದಳು.

ನೊರೆ ಮೆಲ್ಲಗೆ ಬಿಚ್ಚಿಕೊಂಡಿತು. ಕೈಯೊಂದು ಮುಂಗೈಯವರೆಗೆ ಇಳಿದಾಗ ಹೇಗೆ ಅದರ ಸುತ್ತ ಬಿಚ್ಚಿಕೊಳ್ಳುತ್ತದೋ ಹಾಗೆ, ದುಂಡಗೆ. ಆ ದುಂಡು ಬಾನಿಯ ಅಂಚಿನುದ್ದಕ್ಕೂ ಒಂದು ಸುತ್ತು ಹೋಗಿ ಅವಳ ಎದುರಿಗೆ ಬಂದು ನಿಂತಿತು. ಹದ ಆಗಿದೆ, ತುಂಬಿಕೋ ಎನ್ನುವಂತಿತ್ತು. ಬೇಡ ಎಂದಿದ್ದರೆ ಅವಳಿಗೆ ಇಷ್ಟು ಕಷ್ಟವಾಗುತ್ತಿರಲಿಲ್ಲ.

ಅವಳು ಖಾಲಿ ಸೀಸೆಯ ಬಿರಡೆ ಮುಚ್ಚಿದಳು. "ಆಯಿ," ಎಂದು ಕೂಗಿದಳು, "ಹಿತ್ತಲ ಬಾಗಲಾ ತಗೀರಿ."

ಇಬ್ಬರೂ ಕೊಡಗಟ್ಟಲೆ ಹೊತ್ತು ಹಾಕಿದರು. ಹಳದಿ ಹಸಿರಿನ ನೀರು ಗಾಳಿ ತಾಗಿದ ಕೂಡಲೇ ನೀಲಿಯಾಗಿ, ಕರಿಮಣ್ಣಿನ ಬಿರುಕುಗಳಿಗೆ ಇಳಿಯಿತು. ತಳದ ರಾಡಿಯನ್ನು ಅಮೃತವ್ವ ತಾನೇ ಬಳಿದು ಚೆಲ್ಲಿದಳು. ಖೋಲಿ ಈಗ ಬರೀ ಖೋಲಿ. ಅವಳು ಸ್ವಲ್ಪ ಹೊತ್ತು ಕಿವಿಗೊಟ್ಟು ನಿಂತು, ಮುಖ ತೊಳೆದು, ಒಲೆ ಹೊತ್ತಿಸಿದಳು.

ಧಾರವಾಡದ ಬಸ್ಸಿನಿಂದ ಅನ್ನಪೂರ್ಣ ಮಾರ್ಗದರ್ಶಕರಿಗೆ ಫೋನ್ ಮಾಡಿದಳು. ಬಾನಿ ಇಲ್ಲ, ಮೂರನೇ ಸಲದ ಪ್ರಯೋಗ ಆಗುವುದಿಲ್ಲ ಎಂದಳು. ಹಾಗಾದರೆ ಆ ಅಧ್ಯಾಯವನ್ನೇ ತೆಗೆಯಬೇಕಾಗುತ್ತದೆ, ಇನ್ನೂ ಒಂದೆರಡು ವರ್ಷ ಹಿಡಿಯುತ್ತದೆ ಎಂದರು ಅವರು.

"ಹಿಡೀಲಿ ಸರ್," ಎಂದಳು ಅವಳು.