ಕೊಬ್ಬು ತಡೆಯುವ ಗುಳಿಗೆ ಮತ್ತು ನನ್ನ ವಾಕಿಂಗ್

ಮೊಬೈಲ್ ಫೋನು ಆಗಷ್ಟೇ ಎಲ್ಲರ ಕೈಗೆ ಬಂದಿದ್ದ ಕಾಲ. ಕುಷ್ಟಗಿಯ ಶಾಲೆಯೊಂದರಲ್ಲಿ ಟೀಚರಾಗಿದ್ದ ನಾನೂ ಚೆನ್ನಾಗಿಯೇ ಬೆಳೆಯುತ್ತಿದ್ದೆ, ಅಗಲಕ್ಕೆ. ಸ್ಟಾಫ್ ರೂಮಿನ ಕುರ್ಚಿಯಿಂದ ಎದ್ದರೆ ಅದೂ ನನ್ನ ಜೊತೆ ಏಳುತ್ತಿತ್ತು. ಮೊಣಕಾಲು ನೋವೆಂದು ಹೋದಾಗ ಡಾಕ್ಟರು, ಬೇರೆ ಯಾವ ಗುಳಿಗೆಯೂ ಇಲ್ಲವೆಂದು ಕೇಳಿ ಖಾತ್ರಿ ಮಾಡಿಕೊಂಡು, ತೂಕ ಇಳಿಸಲು ಒಂದು ಗುಳಿಗೆ ಬರೆದುಕೊಟ್ಟರು. ಊಟದ ಜೊತೆಗೇ ನುಂಗಬೇಕು, ಎಣ್ಣೆ ತುಪ್ಪ ಕಡಿಮೆ ಮಾಡಬೇಕು, ತಿಂದ ಕೊಬ್ಬಿನಲ್ಲಿ ಒಂದಷ್ಟನ್ನು ಇದು ಮೈಗೆ ಹತ್ತಗೊಡದೆ ಹೊರಗೆ ಕಳಿಸುತ್ತದೆ ಎಂದರು. ನನ್ನ ಕಿವಿಗೆ ಬಿದ್ದದ್ದು ಕೊನೆಯ ಮಾತು ಮಾತ್ರ. ಹೊರಗೇ ಹೋಗುವುದಾದರೆ ತಿನ್ನಲು ಅಡ್ಡಿಯೇನು?

ಆ ವಾರವೇ ಯಲಬುರ್ಗಾದಲ್ಲಿ ಒಂದು ನಿಶ್ಚಿತಾರ್ಥ. ಗುಳಿಗೆ ನುಂಗಿದ ಧೈರ್ಯದಲ್ಲಿ ತುಪ್ಪ ಸುರಿಸಿಕೊಂಡು ನಾಲ್ಕು ಹೋಳಿಗೆ ಹೊಡೆದೆ. ಮರುದಿನ ಶಾಲೆಯ ಪ್ರಾರ್ಥನೆಯಲ್ಲಿ, ರಾಷ್ಟ್ರಗೀತೆ ಅರ್ಧಕ್ಕೆ ಬಂದಾಗ, ಆ ತುಪ್ಪ ಹೇಳದೆ ಕೇಳದೆ ಹೊರಟಿತು. ಅಲುಗಾಡುವಂತಿಲ್ಲ. ಮುನ್ನೂರು ಮಕ್ಕಳ ಮುಂದೆ ನನ್ನಷ್ಟು ನೆಟ್ಟಗೆ ಅಂದು ಯಾರೂ ನಿಂತಿರಲಿಲ್ಲ. ಮುಗಿದ ಕೂಡಲೇ ಹಾಜರಿ ಪುಸ್ತಕವನ್ನು ಬೆನ್ನ ಹಿಂದೆ ಹಿಡಿದು ಮನೆಗೆ ಓಡಿದೆ. ಲಂಗ ಒಗೆಯುವಾಗ ಕಲೆ ನೋಡಿ ಕೇಳಿದ ಪಕ್ಕದ ಮನೆಯವಳಿಗೆ ದೀಪದ ಎಣ್ಣೆ ಚೆಲ್ಲಿತು ಎಂದೆ.

ಅಂದಿನಿಂದ ನಾನು ಆ ಗುಳಿಗೆಗೆ ಹೆದರಿ ನಡೆದೆ. ಮಿರ್ಚಿ ಭಜಿ ಬಿಟ್ಟೆ, ತುಪ್ಪ ಬಿಟ್ಟೆ. ತೂಕ ನಿಧಾನವಾಗಿ ಇಳಿಯಿತು. ಕೇಳಿದವರಿಗೆಲ್ಲ ಇದು ಬೆಳಗಿನ ವಾಕಿಂಗಿನ ಫಲ ಎಂದೆ. ವಾಕಿಂಗ್ ಹೋಗುತ್ತಿದ್ದದ್ದೂ ನಿಜ, ಹಾಲಿನ ಅಂಗಡಿಯವರೆಗೆ.

ಇದನ್ನು ಎಲ್ಲರಿಗಿಂತ ಹೆಚ್ಚು ನಂಬಿದವರು ಗಂಗಾವತಿಯ ಭಾವ. ತಂಗಿಯನ್ನು ನೋಡಿ ಕಲಿ ಎಂದು ಅಕ್ಕನನ್ನು ದಿನಾ ಐದಕ್ಕೆ ಎಬ್ಬಿಸಿ ಕಾಲುವೆ ದಂಡೆಯ ಮೇಲೆ ನಡೆಸಿದರು. ಅವಳು ಸೋತು ಕುಷ್ಟಗಿಗೆ ಬಂದು, ಅಡುಗೆಮನೆಯಲ್ಲಿ ನನ್ನನ್ನು ಹಿಡಿದು ಗುಟ್ಟು ಬಿಡಿಸಿದಳು. ಕುಬಸದ ಬಟ್ಟೆಯಾಗಲಿ, ತಲೆನೋವಿನ ಮುಲಾಮಾಗಲಿ, ನಮ್ಮಿಬ್ಬರಲ್ಲಿ ಯಾವಾಗಲೂ ಅರ್ಧ ಅರ್ಧ. ಕತ್ತರಿ ತಂದು ಗುಳಿಗೆಯ ಪಟ್ಟಿಯನ್ನು ಎರಡು ಮಾಡಿದೆ, ಆಮೇಲೂ ತಂದಾಗಲೆಲ್ಲ ಅರ್ಧ ಅವಳಿಗೆ ಮುಟ್ಟಿಸುತ್ತಿದ್ದೆ. ಭಾವ ಓದಿಯಾರು ಎಂದು ಡಬ್ಬಿಯನ್ನೂ ಅದರೊಳಗಿನ ಚೀಟಿಯನ್ನೂ ನಾನೇ ಇಟ್ಟುಕೊಂಡೆ. ಎಣ್ಣೆಯ ಪಾಠವನ್ನು ಅನುಭವಸಹಿತ ಒಪ್ಪಿಸಿದೆ. ಅವಳು ಥೈರಾಯ್ಡಿಗೆ ದಿನಾ ಗುಳಿಗೆ ನುಂಗುತ್ತಾಳೆಂದು ನನಗೆ ಗೊತ್ತಿತ್ತು, ಆದರೆ ಅದರ ಬಗ್ಗೆ ಯಾರನ್ನಾದರೂ ಕೇಳಬೇಕೆಂದು ಹೊಳೆಯಲಿಲ್ಲ. ಮರೆಯಬಾರದೆಂದು ಅಕ್ಕ ಎರಡನ್ನೂ ನಾಷ್ಟಾದ ಹೊತ್ತಿಗೆ ಒಂದೇ ಗುಟುಕಿನಲ್ಲಿ ನುಂಗತೊಡಗಿದಳು.

ಮೂರು ತಿಂಗಳಲ್ಲಿ ಅಕ್ಕ ಇಳಿಯುವ ಬದಲು ಇನ್ನಷ್ಟು ಊದಿದಳು. ಗಂಗಾವತಿಯ ಬಿಸಿಲಲ್ಲಿ ಚಾದರ ಹೊದೆಯುತ್ತಿದ್ದಳು, ಕೂತಲ್ಲೇ ನಿದ್ದೆ ಹೋಗುತ್ತಿದ್ದಳು. ಕೊಪ್ಪಳದಲ್ಲಿ ಡಾಕ್ಟರಮ್ಮನಿಗೆ ತೋರಿಸಲು ಭಾವ ಕರೆದೊಯ್ದಾಗ ನಾನೂ ಹೋದೆ. ರಕ್ತದ ವರದಿ ನೋಡಿದ ಅವರು, ಥೈರಾಯ್ಡ್ ಕೈಮೀರಿದೆ, ಗುಳಿಗೆ ತಪ್ಪಿಸುತ್ತೀರಾ ಎಂದರು. ಇಲ್ಲ, ದಿನಾ ತಾನೇ ನೆನಪಿಸುತ್ತೇನೆ ಎಂದರು ಭಾವ.

"ಬ್ಯಾರೆ ಏನರ ಗುಳಿಗಿ ತಗೊಳ್ಳಾಕತ್ತೀರೇನ್ರಿ?"

ಅಕ್ಕ ನನ್ನ ಮುಖ ನೋಡಿದಳು. "ಇಲ್ರಿ."

ಪಟ್ಟಿ ಕೊಟ್ಟ ದಿನ ನಾನು ಅವಳ ಕೈಯನ್ನು ನನ್ನ ತಲೆಯ ಮೇಲಿಟ್ಟು, ಯಾರಿಗೂ ಹೇಳುವುದಿಲ್ಲವೆಂದು ಆಣೆ ಮಾಡಿಸಿದ್ದೆ. ಅವಳು ಮುರಿದರೆ ಕೇಡು ನನಗೆ, ಆದರೂ ನನಗದು ಅರ್ಧ ತಮಾಷೆಯಾಗಿತ್ತು. ಡಾಕ್ಟರಮ್ಮ ಗುಳಿಗೆಯ ಪ್ರಮಾಣ ಹೆಚ್ಚಿಸಲು ಪೆನ್ನು ತೆಗೆದರು. ಸುಮ್ಮನಿದ್ದರೆ ನನ್ನ ವಾಕಿಂಗಿನ ಮರ್ಯಾದೆ ಉಳಿಯುತ್ತಿತ್ತು. ಚಾದರದೊಳಗಿಂದ ಕಾಣುತ್ತಿದ್ದ ಅಕ್ಕನ ಊದಿದ ಮುಖ ನೋಡಿ ಬಾಯಿಬಿಟ್ಟೆ.

"ತಗೊಳ್ಳಾಕತ್ತಾಳ್ರಿ. ನಾನ ಕೊಟ್ಟೀನಿ. ನಾನೂ ಅದನ್ನ ತಿಂದ ಸಣ್ಣಾಗೀನ್ರಿ."

ಭಾವ ನನ್ನ ಕಾಲುಗಳನ್ನೇ ನೋಡತೊಡಗಿದರು. ಡಾಕ್ಟರಮ್ಮ ಗುಳಿಗೆಯ ಹೆಸರು ಕೇಳಿ ತಿಳಿದು ಪೆನ್ನು ಕೆಳಗಿಟ್ಟರು. ಆ ಗುಳಿಗೆ ಥೈರಾಯ್ಡಿನ ಗುಳಿಗೆಯನ್ನೂ ಮೈಗೆ ಹತ್ತಗೊಡದಿರಬಹುದು, ಎರಡರ ನಡುವೆ ಕನಿಷ್ಠ ನಾಲ್ಕು ತಾಸು ಬೇಕು, ಅದೂ ಡಾಕ್ಟರನ್ನು ಕೇಳಿ ತಗೊಂಡರೆ ಎಂದರು. ಸದ್ಯಕ್ಕೆ ನಾನು ಕೊಟ್ಟದ್ದನ್ನು ಅಕ್ಕ ನಿಲ್ಲಿಸಿ, ಕೆಲವು ವಾರಗಳ ಮೇಲೆ ಮತ್ತೆ ರಕ್ತ ಪರೀಕ್ಷೆ ಮಾಡಿಸಲು ಹೇಳಿದರು. ಮಕ್ಕಳಿಗೆ ಓದಿ ಓದಿ ಅನ್ನುವ ನೀವು ಡಬ್ಬಿಯೊಳಗಿನ ಚೀಟಿ ಓದಲಿಲ್ಲವೇ ಎಂದು ನನ್ನನ್ನು ಕೇಳಿದರು.

ಹೊರಗೆ ಬೆಂಚಿನ ಮೇಲೆ ಅಕ್ಕನ ಪಕ್ಕ ಕೂತೆ. ನಾಚಿಕೆಗೆ ತಲೆ ಎತ್ತಲಾಗಲಿಲ್ಲ. ಅವಳು ಅದನ್ನು ಅಂಜಿಕೆಯೆಂದು ತಿಳಿದಳು. ತಣ್ಣಗಿನ ಕೈಯಿಂದ ನನ್ನ ನೆತ್ತಿ ಸವರಿ, ಭಾವನಿಗೆ ಕೇಳದಂತೆ ಸಣ್ಣ ದನಿಯಲ್ಲಿ ಹೇಳಿದಳು:

"ಆಣಿ ಮುರದಾಕಿ ನಾ ಅಲ್ಲ, ನೀನ. ನಿನಗೇನೂ ಆಗೂದಿಲ್ಲ, ಅಂಜಬ್ಯಾಡ."