ಪೆರಂಬೂರಿನ ಅಕ್ಕನೂ ನನ್ನ ಸುಳ್ಳು ಟೆಸ್ಟೂ

ಮೊನ್ನೆ ಪೆರುಂಗುಡಿಯ ನಮ್ಮ ಆಫೀಸಿನ ಲಿಫ್ಟಿನಲ್ಲಿ ತಲೆನೋವಿನ ಮುಲಾಮಿನ ವಾಸನೆ ಗಪ್ಪೆಂದು ಮೂಗಿಗೆ ಬಡಿಯಿತು. ನನ್ನ ಮಹಡಿ ಬಂದರೂ ಇಳಿಯುವುದು ಮರೆತು, ಮೇಲೆ ಹೋಗಿ ಮತ್ತೆ ಕೆಳಗೆ ಬಂದೆ. ಆ ವಾಸನೆ ನನ್ನ ಮಟ್ಟಿಗೆ ಒಬ್ಬರದೇ... ಪೆರಂಬೂರಿನ ಅಕ್ಕನದು.

ತುಮಕೂರಿನಿಂದ ಈ ತಮಿಳು ಊರಿಗೆ ಬಂದು ಕೆಲಸಕ್ಕೆ ಸೇರಿದ ವಾರ ಅಮ್ಮನ ಜೊತೆ ಫೋನಿನಲ್ಲಿ ಮಾತಾಡುತ್ತಿದ್ದೆ. "ಕನ್ನಡಾನಾ? ವಾ ಕಣ್ಣಾ, ಒಟ್ಟಿಗೆ ಊಟ ಮಾಡೋಣ" ಎಂದು ತಮಿಳು ಬೆರೆಸಿದ ಕನ್ನಡದಲ್ಲಿ ಹಿಂದಿನಿಂದ ಕರೆದವರು ಅವರು. ಅಜ್ಜನ ಕಾಲದಲ್ಲೇ ರೈಲ್ವೆ ಕೆಲಸಕ್ಕೆಂದು ಬಂದು ಪೆರಂಬೂರಿನಲ್ಲಿ ನೆಲೆನಿಂತ ಕನ್ನಡದ ಮನೆಯವರು. ನಮ್ಮ ತಂಡದ ಮುಖ್ಯಸ್ಥೆ. ಎಸಿ ಆಗದೆ ಹಣೆಗೆ ಸದಾ ಮುಲಾಮು. ನಾವು ಬರೆದ ಪ್ರೋಗ್ರಾಮಿನ ಕೋಡಿನಲ್ಲಿ ಹುಳುಕು ಕಂಡರೆ ಇಡೀ ಮಹಡಿಗೆ ಕೇಳುವ ಹಾಗೆ ಬೈಯುವರು, ಬೈದ ಮೇಲೆ ತಪ್ಪದೆ ತಮ್ಮ ಡಬ್ಬಿಯ ಪುಳಿಯೋಗರೆ ನನ್ನ ತಟ್ಟೆಗೆ ಹಾಕುವರು.

ನಾವು ಜಾವಾಸ್ಕ್ರಿಪ್ಟಿನಲ್ಲಿ ಬರೆಯುತ್ತಿದ್ದುದು ಒಂದು ಕಣ್ಣಾಸ್ಪತ್ರೆಯ ತಂತ್ರಾಂಶ. ಡಾಕ್ಟರನ್ನು ಕಾಣುವ ತಾರೀಖು ಬದಲಾದರೆ ರೋಗಿಗೆ ಮೆಸೇಜ್ ಹೋಗಬೇಕು. ಕೋಡ್ ಸರಿಯಿದೆಯೇ ಎಂದು ನೋಡುವ ಟೆಸ್ಟ್ ಓಡಿಸಿದಾಗಲೆಲ್ಲ ನಿಜವಾದ ಮೆಸೇಜ್ ಕಳಿಸಲಾದೀತೇ? ಅದಕ್ಕೇ ಮೆಸೇಜ್ ಕಳಿಸುವ ಮಾಡ್ಯೂಲಿನ ಜಾಗದಲ್ಲಿ ಮಾಕ್ ಎಂಬ ಹುಸಿ ಮಾಡ್ಯೂಲ್ ಕೂರಿಸುತ್ತಿದ್ದೆವು. ಏನು ಕೊಟ್ಟರೂ "ಕಳಿಸಿದೆ" ಎನ್ನುವುದಷ್ಟೇ ಅದರ ಕೆಲಸ.

"ಪರೀಕ್ಷೆಗೆ ಕೂತೋಳನ್ನೇ ಬದಲಾಯಿಸ್ಬಿಟ್ರೆ ಅದು ಪರೀಕ್ಷೇನಾ? ಸುತ್ತ ಇರೋದನ್ನ ಮಾಕ್ ಮಾಡು, ಪರೀಕ್ಷೆಗೆ ಕೂತ ಕೋಡನ್ನ ಬೇಡ" ಎನ್ನುತ್ತಿದ್ದರು ಅಕ್ಕ. ಅವರದು ಇನ್ನೊಂದು ಕಟ್ಟುಪಾಡು: "ಬೇಕೂಂತಲೇ ಕೋಡ್ ಕೆಡಿಸು. ಟೆಸ್ಟ್ ಒಂದ್ಸಲ ಫೇಲಾಗಿ ಕೆಂಪಾಗ್ಲಿ ಕಣ್ಣಾ, ಅಪ್ಪುರಂ ನಂಬು, ಆಮೇಲೇ."

ಒಂದು ಶುಕ್ರವಾರ ನನಗೆ ಊರಿನ ರೈಲು ಹಿಡಿಯುವ ಅವಸರ. ತಾರೀಖು ಬದಲಿಸುವ, ಸರ್ವಿಸ್ ಕ್ಲಾಸ್ ಎಂಬ ಕೋಡಿನ ತುಂಡಿನ ಟೆಸ್ಟ್ ಏನು ಮಾಡಿದರೂ ಪಾಸಾಗಲೊಲ್ಲದು. ಕೊನೆಗೆ ಆ ಕ್ಲಾಸನ್ನೇ ಮಾಕ್ ಮಾಡಿಬಿಟ್ಟೆ. ಹೊಸ ತಾರೀಖನ್ನು ನಾನೇ ಅದರ ಬಾಯಿಗೆ ತುರುಕಿ, ನಾನೇ ಕೇಳಿ, ನಾನೇ ಭೇಷ್ ಅಂದುಕೊಂಡೆ. ಎಲ್ಲ ಹಸಿರು! ಅಕ್ಕನಿಗೆ ಅವತ್ತು ತಲೆ ಸಿಡಿಯುತ್ತಿತ್ತು. "ಕೆಂಪಾಗಿದ್ದು ನೋಡ್ದೆಯಾ?" ಎಂದು ಕೇಳಿದರು. "ಹೂಂ ಅಕ್ಕ" ಎಂದೆ. ನಂಬಿ ಒಪ್ಪಿಗೆ ಕೊಟ್ಟರು.

ರೋಗಿಗಳಿಗೆ ಹಳೆಯ ತಾರೀಖೇ ಹೋಯಿತು. ಸೋಮವಾರ ಎಣ್ಣೂರಿನಿಂದ ಎರಡು ಬಸ್ಸು ಬದಲಿಸಿ ಬಂದ ವಯಸ್ಸಾದವರು ಡಾಕ್ಟರಿಲ್ಲದೆ ಹಿಂದಿರುಗಿದರು. ಮ್ಯಾನೇಜರ್ ಯಾರ ತಪ್ಪೆಂದು ಕೇಳಿದಾಗ, ಕೆಲಸ ಇನ್ನೂ ಕಾಯಂ ಆಗದಿದ್ದ ನನ್ನ ಬಾಯಿಗೆ ಬೀಗ ಬಿತ್ತು. "ಒಪ್ಪಿಗೆ ಕೊಟ್ಟದ್ದು ನಾನು" ಎಂದರು ಅಕ್ಕ, ಅಷ್ಟೇ. ಅವರ ಕೈಯಿಂದ ತಂಡ ಹೋಯಿತು. ಕೆಲವೇ ತಿಂಗಳಲ್ಲಿ ಕೆಲಸವನ್ನೂ ಬಿಟ್ಟರು. ಕೊನೆಯ ದಿನವೂ ನನ್ನ ತಟ್ಟೆಗೆ ಪುಳಿಯೋಗರೆ ಬಿತ್ತು, ಒಂದು ಕೊಂಕು ಮಾತು ಬರಲಿಲ್ಲ. ನಾನೋ, ನಾಳೆ ಹೇಳೋಣ, ಹಬ್ಬಕ್ಕೆ ಅವರ ಮನೆಗೆ ಹೋಗಿ ಹೇಳೋಣ ಎನ್ನುತ್ತಾ ವರ್ಷಗಳನ್ನೇ ಕಳೆದೆ... ನಾಚಿಕೆಯಾಗುತ್ತದೆ.

ಲಿಫ್ಟಿನ ಆ ದಿನದ ನಂತರ ತಡೆಯಲಾಗದೆ ಭಾನುವಾರ ಪೆರಂಬೂರಿಗೆ ಹೋದೆ. ಬಾಗಿಲು ತೆರೆದವರು ಅವರ ಯಜಮಾನರು. ಗೋಡೆಯ ಮೇಲೆ ಅಕ್ಕನ ಫೋಟೋ, ಅದಕ್ಕೆ ಗಂಧದ ಹಾರ. ಹೋಗಿ ಎರಡು ವರ್ಷವಾಗಿತ್ತಂತೆ. ಅಳುತ್ತಲೇ ಅವರಿಗೆ ಎಲ್ಲವನ್ನೂ ಹೇಳಿದೆ.

"ಗೊತ್ತು ಮಾ" ಎಂದರು ಅವರು. "ಆ ಸೋಮವಾರಾನೇ ನಿನ್ನ ಟೆಸ್ಟ್ ತೆಗ್ದು ನೋಡಿದ್ಲು. 'ಹುಡುಗಿ ಹೆದರಿದಾಳೆ, ಒಂದಿನ ತಾನೇ ಬಂದು ಹೇಳ್ತಾಳೆ' ಅಂದ್ಲು. ರೊಂಬ ದಿನ ಭಾನುವಾರ ಬಂತಂದ್ರೆ ಒಂದು ಲೋಟ ಡಿಕಾಕ್ಷನ್ ಜಾಸ್ತಿ ಹಾಕೋಳು, ನೀನು ಬಂದ್ರೆ ಇರ್ಲೀಂತ."

ಮಾರನೆಯ ದಿನ ನನ್ನ ಈಗಿನ ತಂಡದವರನ್ನು ಕೂರಿಸಿಕೊಂಡು, ನಡೆದದ್ದನ್ನೆಲ್ಲ ತಿಳಿಸಿ, ಆ ಟೆಸ್ಟ್ ಬರೆದವಳು ನಾನೇ ಎಂದು ಹೇಳಿದೆ. ಅವರಲ್ಲಿ ಯಾರೂ ಅಕ್ಕನನ್ನು ಕಂಡವರಲ್ಲ. ಪರವಾಗಿಲ್ಲ ಬಿಡಿ ಎಂದು ಎಷ್ಟು ಬೇಗ ಹೇಳಿಬಿಟ್ಟರು... ಹಾಗೆನ್ನಬೇಕಾಗಿದ್ದವರು ಇವರಲ್ಲ.