ನರ್ಸಮ್ಮ ಕೂರಿಸಿದ ಪಂಕ್ತಿ

ಕಳೆದ ವಾರ ಇಲ್ಲಿ ಅಮೆರಿಕದ ಕೆಂಟ್‌ನ ಇಂಡಿಯನ್ ಅಂಗಡಿಗೆ ಬೇಳೆ ತರಲು ಹೋದವಳು ಸೋಪುಗಳ ಮುಂದೆ ನಿಂತುಬಿಟ್ಟೆ. ಆಸ್ಪತ್ರೆ ವಾಸನೆಯ ಕೆಂಪು ಕಾರ್ಬಾಲಿಕ್ ಸೋಪು. ಮೂಗಿಗೆ ಹಿಡಿದದ್ದೇ ತಡ, ನರ್ಸಮ್ಮ ತೋಳು ಮಡಚಿಕೊಂಡು ಎದುರಿಗೆ ಬಂದು ನಿಂತ ಹಾಗಾಯಿತು...

ಕೆಲವು ವರ್ಷಗಳ ಹಿಂದೆ ಅವರು ನಮ್ಮ ಅಪಾರ್ಟ್‌ಮೆಂಟಿನ ಕೆಳಗಿನ ಮನೆಯಲ್ಲಿ ಮಗನ ಜೊತೆ ಇದ್ದರು. ಮೈಸೂರಿನವರು. ಹರೆಯದಲ್ಲೇ ಇಂಗ್ಲೆಂಡಿಗೆ ಹೋಗಿ, ಅಲ್ಲಿನ ಸರ್ಕಾರಿ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದು ನಿವೃತ್ತರಾದವರು. ಅಮೆರಿಕಕ್ಕೆ ಮಗನ ಹತ್ತಿರ ಬಂದಮೇಲೂ ಸುಮ್ಮನೆ ಕೂತವರಲ್ಲ. ವಿಮೆ ಇಲ್ಲದವರಿಗಾಗಿ ನಡೆಯುತ್ತಿದ್ದ ಒಂದು ಪುಕ್ಕಟೆ ಕ್ಲಿನಿಕ್ಕಿಗೆ ವಾರವಾರ ಹೋಗಿ ದುಡಿದು ಬರುತ್ತಿದ್ದರು. ಯಾರ ಮನೆಗೆ ಹೋದರೂ ಮೊದಲು ಕೈ ತೊಳೆಯಬೇಕು, ಅದೂ ಚೀಲದಲ್ಲಿ ತಂದ ತಮ್ಮದೇ ಸೋಪಿನಿಂದ. ನಮ್ಮನೆ ಸೋಪಿಗೇನಾಗಿದೆ ಎಂದರೆ, "ಆ ಘಮಘಮ ಮದುವೆಮನೆಗೆ ಸರಿ ಕಣೇ" ಎನ್ನುತ್ತಿದ್ದರು.

ನಾನಾಗ ಬಸ್ಸಿನ ಮೇಲೆ ಬಸ್ಸು ಹಿಡಿದು ಯೂನಿವರ್ಸಿಟಿ ಡಿಸ್ಟ್ರಿಕ್ಟ್ ಎಂಬ ಬಡಾವಣೆಗೆ ಹೋಗಿ ಸಾರ್ವಜನಿಕ ಆರೋಗ್ಯದಲ್ಲಿ ಸ್ನಾತಕೋತ್ತರ ಪದವಿ ಓದುತ್ತಿದ್ದೆ. ನಮ್ಮ ವಂಶದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದ ಮೊದಲನೆಯವಳು ನಾನು. ಅಮ್ಮ ರಾಮನಗರದಲ್ಲಿ ರೇಷ್ಮೆ ನೂಲು ತೆಗೆಯುವವಳು. ಬಿಸಿನೀರಿನ ಬಾಣಲಿಯ ಮುಂದೆ ಬೆರಳು ಬೇಯಿಸಿಕೊಂಡು ನನ್ನನ್ನು ಓದಿಸಿದ್ದಳು. ಅಂಥವಳು ನನ್ನ ಪದವಿ ಸಮಾರಂಭ ನೋಡಲೆಂದೇ ಇಲ್ಲಿಗೆ ಬಂದವಳು, ದಿನ ಹತ್ತಿರವಾದಾಗ ಒಮ್ಮೆಲೇ ಮೊಂಡು ಹಿಡಿದಳು.

"ನಾ ಬರಾಕಿಲ್ಲ ಕಣವ್ವ. ಅಷ್ಟೊತ್ತು ಯಾರು ಕೂರ್ತಾರೆ? ನೀನ್ ಹೋಗ್ಬಾ."

ಎಷ್ಟು ಬೇಡಿಕೊಂಡರೂ ಅದೇ ಮಾತು. ಯಾರಿಗೆ ತೋರಿಸಬೇಕೆಂದು ಓದಿದೆನೋ ಅವಳೇ ಬರುವುದಿಲ್ಲ ಎಂದರೆ... ಆ ಕಪ್ಪು ಗೌನು ನನಗೆ ಯಾಕೆ ಬೇಕು ಅನ್ನಿಸಿಬಿಟ್ಟಿತು.

ಒಂದು ಮಧ್ಯಾಹ್ನ ನರ್ಸಮ್ಮ ಬಂದರು. ಮೂವರೂ ಹುರುಳಿಕಾಯಿ ನಾರು ತೆಗೆಯುತ್ತಾ ಕೂತೆವು. ಇಂಗ್ಲೆಂಡಿನ ಪುಕ್ಕಟೆ ವೈದ್ಯ ಸೇವೆ ಹುಟ್ಟಿದ ಬಗ್ಗೆ ನಾನು ಪ್ರಬಂಧ ಬರೆದಿದ್ದೆ. ಆ ಮಾತು ಬಂದದ್ದೇ ಅವರ ಮುಖ ಅರಳಿತು. ಅವರು ಅಲ್ಲಿಗೆ ಹೋದದ್ದು ಆಮೇಲೆ. ಆದರೆ ಮೊದಲ ದಿನಗಳ ಕತೆಯನ್ನು ವಾರ್ಡಿನ ಹಿರಿಯ ನರ್ಸ್ ಬಾಯಲ್ಲಿ ಕೇಳಿದ್ದರಂತೆ. ಎರಡನೇ ಮಹಾಯುದ್ಧ ಮುಗಿದು ದೇಶ ಬರಿಗೈಲಿತ್ತು. ಮೊಟ್ಟೆಗೆ, ಸಕ್ಕರೆಗೆ ರೇಷನ್ನು. ಕೈಯಲ್ಲಿ ನಾಲ್ಕು ಕಾಸು ಆದಮೇಲೆ ನೋಡೋಣ ಎನ್ನದೆ, ಆಗಲೇ ಆಸ್ಪತ್ರೆಗಳ ಬಾಗಿಲನ್ನು ಎಲ್ಲರಿಗೂ ತೆರೆದರು.

"ಬಾಗಿಲು ತೆಗೆದಿದ್ದೇ ಯಾರು ಬಂದ್ರು ಗೊತ್ತಾ? ಹೆಂಗಸರು. ಹೆರಿಗೆ ಆಗಿ ಗರ್ಭಕೋಶ ಜಾರಿ ಕೆಳಗೆ ಬಂದಿದ್ರೂ, ಬಟ್ಟೆ ಬಿಗಿದ್ಕೊಂಡು ವರ್ಷಗಟ್ಟಲೆ ಗೇದೋರು. ಗಂಡನಿಗೂ ಹೇಳಿರಲಿಲ್ಲ, ಮಕ್ಕಳಿಗೂ ಹೇಳಿರಲಿಲ್ಲ."

ಅಮ್ಮನ ಕೈ ನಿಂತಿತು. ತಲೆ ಎತ್ತದೆ ಅಂದಳು: "ನಂದೂ ಅದೇಯ, ಅಕ್ಕಯ್ಯ."

ನನ್ನ ತಮ್ಮ ಹುಟ್ಟಿದಾಗಿನಿಂದ! ಬಾಣಂತನ ಮುಗಿಯುವ ಮೊದಲೇ ನೀರಿನ ಕೊಡ ಹೊತ್ತಿದ್ದಳು. ಕೂತರೆ ನೋವು, ನಿಂತರೆ ಭಾರ, ನಡೆದರೆ ಎಲ್ಲಿ ಜಾರಿಬಿಡುತ್ತದೋ ಎಂಬ ಭಯ. ಸಮಾರಂಭಕ್ಕೆ ಬರಲೊಲ್ಲೆ ಎಂದದ್ದು ಅದಕ್ಕೆ.

ನಾಳೆಯೇ ನಮ್ಮ ಕ್ಲಿನಿಕ್ಕಿಗೆ ಬಾ ಎಂದರು ನರ್ಸಮ್ಮ. ಅಮ್ಮ ಸಿಡುಕಿದಳು. "ಪುಕ್ಕಟೆಯಾ? ಬ್ಯಾಡ. ಕಂಡೋರ ಋಣ ನನಗ್ಯಾಕೆ? ಧರ್ಮಾಸ್ಪತ್ರೆ ಬಾಗಿಲಲ್ಲಿ ನಿಂತ್ಕೊಳಕ್ಕಾ ನಾನು ಮಗಳನ್ನ ಓದ್ಸಿದ್ದು?"

ನರ್ಸಮ್ಮ ಒಂದು ಹುರುಳಿಕಾಯಿ ಮುರಿದರು. "ನಿಮ್ಮ ಕಡೆ ಮಠದಲ್ಲಿ ದಾಸೋಹ ಮಾಡ್ತಾರಲ್ಲ, ಊಟಕ್ಕೆ ಹೋಗಿದೀಯಾ?"

"ಹೋಗ್ದೆ ಇರ್ತೀನಾ? ನಾವೂ ಅಕ್ಕಿ ಕೊಡ್ತಿದ್ವಿ."

"ಅಕ್ಕಿ ಕೊಡದೋರನ್ನ ಎಬ್ಬಿಸ್ತಿದ್ರಾ?"

"ಪಂಕ್ತಿಯಿಂದ ಎಬ್ಬಿಸೋದಾ! ಪಾಪ ಸುತ್ಕತದೆ!"

"ಇಂಗ್ಲೆಂಡಿನೋರು ಮಾಡಿದ್ದೂ ಅದೇ ಕಣಮ್ಮ. ಊರೆಲ್ಲ ಸೇರಿ ಅಕ್ಕಿ ಹಾಕಿದ್ರು, ಸಾಹುಕಾರನೂ ಮೀನು ಮಾರೋಳೂ ಒಂದೇ ಪಂಕ್ತೀಲಿ ಕೂತ್ರು. ಎಲೆ ಬದಲು ಹಾಸಿಗೆ, ಅಷ್ಟೇ. ಈ ದೇಶ ಇನ್ನೂ ಆ ಪಂಕ್ತಿ ಹಾಕಿಲ್ಲ. ಅದಕ್ಕೇ ನಾವು ಕೆಲವರು ಒಂದು ಮೂಲೇಲಿ ಹಾಕ್ಕೊಂಡು ಕೂತಿದೀವಿ. ಬರ್ತೀಯೋ, ಎಳ್ಕೊಂಡು ಹೋಗ್ಲೋ?"

ಅಮ್ಮ ನಕ್ಕುಬಿಟ್ಟಳು. ನಗು ಬಂದಮೇಲೆ ಮೊಂಡು ಎಲ್ಲಿ ನಿಲ್ಲುತ್ತೆ?

ಮರುದಿನ ಕ್ಲಿನಿಕ್ಕಿನ ಡಾಕ್ಟರಮ್ಮ ಪರೀಕ್ಷೆ ಮಾಡಿ, ಗರ್ಭಕೋಶವನ್ನು ಎತ್ತಿ ಹಿಡಿಯುವ ಮೆತ್ತನೆಯ ರಿಂಗ್ ಒಂದನ್ನು ಒಳಗೆ ಕೂರಿಸಿದರು. ಸದ್ಯಕ್ಕೆ ಇದು ಸಾಕು, ಊರಿಗೆ ಹೋದಮೇಲೆ ಆಪರೇಷನ್ ಮಾಡಿಸಿ ಎಂದರು. ಅಮ್ಮ ಹೊರಗೆ ಬಂದು ಪಾರ್ಕಿಂಗ್ ಜಾಗದಲ್ಲಿ ಒಂದು ಸುತ್ತು ನಡೆದಳು. ಇನ್ನೊಂದು ಸುತ್ತು ಬಂದು ನನ್ನ ಮುಖ ನೋಡಿದಳು. "ಇಷ್ಟೇನಾ? ಇಷ್ಟಕ್ಕಾ ನಾನು ಇಷ್ಟು ವರ್ಷ..." ಎಂದು ಮಾತು ನಿಲ್ಲಿಸಿ, ನನ್ನನ್ನೂ ನರ್ಸಮ್ಮನನ್ನೂ ಹಿಂದೆ ಬಿಟ್ಟು ಅವರ ಕಾರಿನ ಕಡೆ ಬಿರಬಿರನೆ ನಡೆದುಬಿಟ್ಟಳು.

ಸಮಾರಂಭದ ದಿನ ರೇಷ್ಮೆ ಸೀರೆ ಉಟ್ಟು, ನರ್ಸಮ್ಮನ ಪಕ್ಕ ಕೊನೆಯವರೆಗೂ ಕೂತಿದ್ದಳು. ನನ್ನ ಹೆಸರು ಕರೆದಾಗ ಆ ದೊಡ್ಡ ಮೈದಾನದ ಯಾವುದೋ ಮೂಲೆಯಿಂದ "ನಮ್ಮುಡುಗಿ!" ಅಂತ ಅಮ್ಮನ ಕೂಗು ಬಂತು. ಸಾವಿರ ಜನರ ಗದ್ದಲದಲ್ಲೂ ಕೇಳಿಸಿತು. ನಾನು ಗೆದ್ದದ್ದು ಆಗ. ಪದವಿ ಪತ್ರ ಕೈಗೆ ಬಂದದ್ದು ಆಮೇಲೆ.

ಊರಿಗೆ ಹೋದಮೇಲೆ ಅಮ್ಮ ಮೊದಲು ಮಾಡಿದ ಕೆಲಸ ಸರ್ಕಾರಿ ದೊಡ್ಡಾಸ್ಪತ್ರೆಗೆ ಹೋಗಿ ಆಪರೇಷನ್ ಮಾಡಿಸಿಕೊಂಡದ್ದು. ಮಗಳು ಅಮೆರಿಕದಲ್ಲಿದ್ದೂ ಧರ್ಮಾಸ್ಪತ್ರೆಯಾ ಎಂದವರಿಗೆ, "ಹೂಂ, ನನ್ನ ಪಂಕ್ತಿ ಅದು" ಅಂದಳಂತೆ. ಅಲ್ಲಿಗೇ ಬಿಡಲಿಲ್ಲ. ತನ್ನ ಜೊತೆ ನೂಲು ತೆಗೆಯುವ ಹೆಂಗಸರನ್ನು ಒಬ್ಬೊಬ್ಬರನ್ನಾಗಿ ಬಾಯಿ ಬಿಡಿಸಿ, ತಾನೇ ಕೈಹಿಡಿದು ಕರೆದೊಯ್ಯತೊಡಗಿದಳು.

ಹೋದ ಚಳಿಗಾಲದಲ್ಲಿ ನರ್ಸಮ್ಮ ತೀರಿಕೊಂಡರು. ಕೆಳಗಿನ ಮನೆಗೆ ಈಗ ಬೇರೆಯವರು ಬಂದಿದ್ದಾರೆ. ನರ್ಸಮ್ಮನ ಹಾಗೆ ಗದರಿಸಿ ಒಳ್ಳೆಯದು ಮಾಡುವವರು ನನಗೆ ಮತ್ತೆ ಸಿಗಲಿಲ್ಲ... ಅವರು ಹೋದ ಸುದ್ದಿ ಹೇಳಲು ಅಮ್ಮನಿಗೆ ಕಾಲ್ ಮಾಡಿದೆ. ಅಮ್ಮ ಅತ್ತು, ಮೂಗು ಒರೆಸಿಕೊಂಡು ಅಂದಳು:

"ಕೆಳಗಿನ ಬೀದಿಯವಳು ಇವತ್ತು ಬಾಯಿ ಬಿಟ್ಟವ್ಳೆ ಕಣವ್ವ. ನಾಳೆ ಹೊತ್ತಾರೆನೇ ಆಸ್ಪತ್ರೆಗೆ ಕರ್ಕೊಂಡೋಗ್ಬೇಕು. ಫೋನ್ ಮಡಗ್ಲಾ?"